ಮೊಣಕಾಲಿನ ಆಪರೇಷನ್ ಆದ ಅಮ್ಮನಿಗೆ ವಿಡಿಯೋ ಕಾಲ್ ಫಿಸಿಯೋಥೆರಪಿ ಸಾಕಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಬ್ಬರೇ ಇರುವ ಅಮ್ಮನಿಗೆ ಮಂಗಳೂರಿನಲ್ಲಿ ಮೊಣಕಾಲು ಬದಲಿಸಿದ್ದಾರೆ, ಇನ್ನು ವ್ಯಾಯಾಮವನ್ನು ವಿಡಿಯೋ ಕಾಲ್‌ನಲ್ಲೇ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಪಕ್ಕದಲ್ಲಿ ಒಬ್ಬರು ಇರುವುದಾದರೆ ಬಹಳಷ್ಟು ಆಗುತ್ತದೆ. ಯಾರೂ ಇಲ್ಲದಿದ್ದರೆ ಬೇಡ. ಮುಳ್ಳೇರಿಯದಲ್ಲಿ ನನ್ನ ಅತ್ತೆಗೆ ಹೀಗೇ ಮಾಡಿಸಿದ್ದೆವು.

ವಯಸ್ಸಾದವರಿಗೆ ಫೋನ್ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಅತ್ತೆ ದಿನಾ ವಾಟ್ಸಾಪ್‌ನಲ್ಲಿ ಮೊಮ್ಮಕ್ಕಳ ಹತ್ತಿರ ಮಾತಾಡುವವರು, ಕಾಲ್ ತೆಗೆಯುವುದು ಅವರಿಗೆ ಕಷ್ಟವೇ ಅಲ್ಲ. ಆದರೆ ಮಾತಿಗೆ ಮುಖ ಕಂಡರೆ ಸಾಕು, ವ್ಯಾಯಾಮಕ್ಕೆ ಸೊಂಟದಿಂದ ಪಾದದವರೆಗೆ ಕಾಣಬೇಕು, ಅದೂ ಬದಿಯಿಂದ. ಫೋನನ್ನು ಏಳೆಂಟು ಅಡಿ ದೂರ ಇಡಬೇಕಾಗುತ್ತದೆ. ಆಗ ಅವರಿಗೆ ಸ್ಕ್ರೀನೂ ಕಾಣದು, ಮಾತೂ ಕೇಳದು. ಮಳೆಗಾಲದಲ್ಲಿ ಹಂಚಿನ ಸದ್ದಿಗೆ ನನಗೇ ಕೇಳಿಸುತ್ತಿರಲಿಲ್ಲ. ಹತ್ತಿರ ತಂದರೆ ಕಾಲು ಎಷ್ಟು ಮಡಚಿತು, ಪೂರ್ತಿ ನೆಟ್ಟಗಾಯಿತಾ ಅಂತ ಆ ಕಡೆಯವರಿಗೆ ತಿಳಿಯದು. ಮೇಲಿಂದ ಸೀರೆ. ಗಂಡಸರ ಎದುರು, ಕ್ಯಾಮರಾದಲ್ಲಿ, ಮೊಣಕಾಲು ತೋರಿಸಲು ಅತ್ತೆ ಒಪ್ಪಲೇ ಇಲ್ಲ. ಒತ್ತಾಯ ಮಾಡುವುದು ಸರಿಯಲ್ಲ, ಅಲ್ವಾ? ಥೆರಪಿಸ್ಟ್ ಆಗಿ ಹೆಣ್ಣುಮಗಳೊಬ್ಬಳನ್ನು ಕೇಳಿ ಪಡೆದು, ನೈಟಿಯ ಒಳಗೆ ಸಡಿಲ ಪ್ಯಾಂಟ್ ಹಾಕಿಸಿದ ಮೇಲೆ ಸರಿಹೋಯಿತು.

ಭಾಷೆಯನ್ನೂ ಮೊದಲೇ ವಿಚಾರಿಸಿ. ನಮ್ಮ ಜಿಲ್ಲೆಯಲ್ಲಿ ಮಲಯಾಳಂ ಮಾತ್ರ ಬರುವ ಥೆರಪಿಸ್ಟ್‌ಗಳು ಸಿಗುವುದೇ ಜಾಸ್ತಿ. ಎದುರಿಗಿದ್ದರೆ ಕಾಲು ಹಿಡಿದು ತೋರಿಸಬಹುದು. ವಿಡಿಯೋದಲ್ಲಿ ಎಲ್ಲವೂ ಮಾತಿನಲ್ಲೇ ಆಗಬೇಕು. ಅಮ್ಮನ ಜೊತೆ ಕನ್ನಡವೋ ತುಳುವೋ ಆಡುವವರೇ ಬೇಕು.

ವಿಡಿಯೋ ಬೇಡ ಎನ್ನುವವಳಲ್ಲ ನಾನು. 2020ರ ಲಾಕ್‌ಡೌನ್‌ನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಹೊಸ ಮೊಣಕಾಲು ಇಟ್ಟುಕೊಂಡು ಪದೇ ಪದೇ ಅಷ್ಟು ದೂರ ಕಾರಿನಲ್ಲಿ ಕೂರುವುದೂ ಸುಲಭವಲ್ಲ. ಆದರೆ ಊತ, ಬಿಸಿ, ಬಿಗಿತ ಕೈಯಿಟ್ಟು ನೋಡಬೇಕು. ಹಾಗಾಗಿ ಶುರುವಿನ ವಾರಗಳಲ್ಲಿ ಥೆರಪಿಸ್ಟ್ ಮನೆಗೇ ಬರಲಿ, ವಿಡಿಯೋ ಆಮೇಲೆ. ಮೀನಖಂಡ ಊದಿ ನೋವಾದರೆ ಕಾಲ್‌ಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರು ಕಟ್ಟಿದರೂ ಅಷ್ಟೇ.

ನಿಂತು ಮಾಡುವ ವ್ಯಾಯಾಮವನ್ನು ಅಮ್ಮ ಒಬ್ಬರೇ ಮಾಡುವುದು ಬೇಡವೇ ಬೇಡ. ಬಿದ್ದರೆ ಸ್ಕ್ರೀನಿನಲ್ಲಿರುವವರು ಹಿಡಿಯಲಾರರು. ನೆರೆಮನೆಯವರ ಹತ್ತಿರ ಈಗಲೇ ಮಾತಾಡಿ. ತೋಟದ ಕೆಲಸ ಮುಗಿದು ಅವರಿಗೆ ಬಿಡುವಾಗುವುದು ಯಾವಾಗ ಅಂತ ಕೇಳಿ, ಥೆರಪಿಸ್ಟ್ ಹತ್ತಿರ ಅದೇ ಸಮಯ ತೆಗೆದುಕೊಳ್ಳಿ.