ಮಾಸ್ಟರ್ ಪ್ಲಾನ್ ಕರಡಿನಲ್ಲಿ ನನ್ನ ಸೈಟು ಹಸಿರು ಬಣ್ಣದಲ್ಲಿದೆ. ಈ ಪ್ಲಾನ್ ಮಾಡುವವರು ಯಾರು, ಈಗ ನಾನೇನು ಮಾಡಬಹುದು?

ಪುರಸಭೆಗೆ ಹೋಗಿ ಜಗಳ ಮಾಡಬೇಡಿ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಈ ಕೆಲಸ ನಿಮ್ಮ ಊರಿನ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರದ್ದು. ಅವರು ಮೊದಲು ಎಲ್ಲೆಲ್ಲಿ ಮನೆ, ಅಂಗಡಿ, ಕೆರೆ, ಹೊಲ ಇದೆ ಅಂತ ಸರ್ವೆ ಮಾಡುತ್ತಾರೆ. ಮುಂದೆ ಎಷ್ಟು ಜನ ಆಗಬಹುದು, ಎಷ್ಟು ಮನೆ ಬೇಕಾಗಬಹುದು ಅಂತ ಲೆಕ್ಕ ಹಾಕಿ ನಕ್ಷೆಗೆ ಬಣ್ಣ ಹಾಕುತ್ತಾರೆ. ಸಾಮಾನ್ಯವಾಗಿ ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಹಸಿರು ಎರಡು ಥರ ಇರುತ್ತದೆ: ಪಾರ್ಕು ಮತ್ತು ಕೃಷಿ ವಲಯ. ನಿಮ್ಮದು ಯಾವುದು ಅಂತ ನಕ್ಷೆಯ ಪಕ್ಕದಲ್ಲಿರುವ ಬಣ್ಣಗಳ ಸೂಚಿ ನೋಡಿ ಖಚಿತ ಮಾಡಿಕೊಳ್ಳಿ.

ಕರಡು ಪ್ರಕಟವಾದ ಮೇಲೆ 60 ದಿನ ಆಕ್ಷೇಪಣೆ ಸಲ್ಲಿಸಬಹುದು. ಜನ ಸೋಲುವುದು ಇಲ್ಲೇ. "ಅನ್ಯಾಯವಾಗಿದೆ" ಅಂತ ಸುಮ್ನೆ ಬರೆದರೆ ಯಾರೂ ನೋಡಲ್ಲ. ಸರ್ವೆ ನಂಬರ್, ಪಹಣಿ ಅಥವಾ ಖಾತಾ, ಭೂ ಪರಿವರ್ತನೆ ಆದೇಶ, ಲೇಔಟ್ ಅನುಮೋದನೆಯ ಪ್ರತಿ ಇಡಿ. ನಕ್ಷೆಯ ಆ ತುಂಡನ್ನು ಜೆರಾಕ್ಸ್ ಮಾಡಿಸಿ, ಕೆಂಪು ಪೆನ್ನಲ್ಲಿ ಸೈಟು ಗುರುತಿಸಿ. ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಸ್ವೀಕೃತಿ ತಗೊಳ್ಳಲು ಮರೆಯಬೇಡಿ. ಭೂ ಪರಿವರ್ತನೆ, ಲೇಔಟ್ ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ರೆವಿನ್ಯೂ ಸೈಟಾದರೆ ವಾದ ಕಷ್ಟವೇ, ಸುಳ್ಳು ಭರವಸೆ ಕೊಡಲ್ಲ.

ಕರಡು ಬಂತು ಅಂದ ಮಾತ್ರಕ್ಕೆ ಎಲ್ಲ ಮುಗೀತು ಅಂತಲ್ಲ. 2017ರಲ್ಲಿ ಬಂದ, 2031ರವರೆಗಿನ ಬೆಂಗಳೂರಿನ ಮಾಸ್ಟರ್ ಪ್ಲಾನ್ ಕರಡಿಗೆ ಸಾವಿರಾರು ಆಕ್ಷೇಪಣೆ ಬಂದವು, ಕೊನೆಗೆ ಸರ್ಕಾರ ಅದನ್ನು ವಾಪಸ್ ತಗೊಂಡಿತು.