ನಕ್ಷೆಯಲ್ಲಿ ಪೂರ್ವವೇಕೆ ಮೇಲಿದೆ?

ಪ್ರಶ್ನೆ: ಜೆರುಸಲೇಮ್ ಮತ್ತು ಅದರ ಸುತ್ತಲಿನ ಪವಿತ್ರ ನಾಡನ್ನು ತೋರಿಸುವ ಹಳೆಯ ನಕ್ಷೆಯೊಂದರ ಚಿತ್ರವನ್ನು ನೋಡಿದೆ. ಅದರಲ್ಲಿ ಪೂರ್ವ ಮೇಲಿದೆ, ಸಮುದ್ರ ಕೆಳಗಿದೆ, ಜೆರುಸಲೇಮ್ ಉಳಿದ ಊರುಗಳಿಗಿಂತ ಹಲವು ಪಟ್ಟು ದೊಡ್ಡದಾಗಿದೆ. ಅಳತೆಯಿಲ್ಲದ ಇಂಥದ್ದನ್ನು ನಕ್ಷೆ ಎನ್ನಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಧಾರಾಳವಾಗಿ ಎನ್ನಬಹುದು. ನೀವು ಹೇಳುವ ಲಕ್ಷಣಗಳೆಲ್ಲ ಜೋರ್ಡಾನ್ ದೇಶದ ಮಾದಬಾ ಪಟ್ಟಣದ ಸೇಂಟ್ ಜಾರ್ಜ್ ಚರ್ಚಿನ ನೆಲದಲ್ಲಿರುವ ನಕ್ಷೆಗೆ ಒಪ್ಪುತ್ತವೆ. 6ನೆಯ ಶತಮಾನದಲ್ಲಿ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಇದು ಆ ನಾಡಿನ ಉಳಿದಿರುವ ನಕ್ಷೆಗಳಲ್ಲೇ ಅತ್ಯಂತ ಹಳೆಯದು. ಚರ್ಚಿನ ಪೀಠ ಪೂರ್ವಕ್ಕಿದೆ. ಅದರ ಕಡೆಗೆ ಮುಖ ಮಾಡಿ ನಿಂತವನಿಗೆ ನಕ್ಷೆಯ ದಿಕ್ಕುಗಳೂ ನೆಲದ ಮೇಲಿನ ನಿಜವಾದ ದಿಕ್ಕುಗಳೂ ಒಂದೇ ಆಗುತ್ತವೆ. ಗೋಡೆಗೆ ತೂಗುಹಾಕುವ ನಕ್ಷೆಗೆ ಈ ಅನುಕೂಲವಿಲ್ಲ.

ಗಾತ್ರವನ್ನು ನಿರ್ಧರಿಸಿದ್ದು ದೂರವಲ್ಲ, ಮಹಿಮೆ. ಊರುಗಳ ಪಕ್ಕದ ಗ್ರೀಕ್ ಬರಹಗಳಲ್ಲಿ ಹಲವು, 4ನೆಯ ಶತಮಾನದ ಬಿಷಪ್ ಯುಸೀಬಿಯಸ್ ಸಿದ್ಧಪಡಿಸಿದ ಬೈಬಲಿನ ಸ್ಥಳನಾಮಗಳ ಕೋಶವನ್ನು ಅನುಸರಿಸುತ್ತವೆ. ಹಾಗೆಂದು ಇದು ಬರೀ ಭಕ್ತಿಯ ಕಲ್ಪನೆಯಲ್ಲ. ಜೆರುಸಲೇಮಿನ ಉತ್ತರ ದ್ವಾರದ ಒಳಗೆ ಒಂದು ಕಂಬವನ್ನು ತೋರಿಸಿದ್ದಾರೆ. ಕಂಬ ಎಂದೋ ಹೋಯಿತು, ಆದರೆ ಆ ದ್ವಾರವನ್ನು ಅರಬ್ಬಿಯಲ್ಲಿ ಇಂದಿಗೂ ‘ಕಂಬದ ಬಾಗಿಲು’ ಎಂದೇ ಕರೆಯುತ್ತಾರೆ. ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ‘ನೇಯಾ’ ಚರ್ಚ್ ಕೂಡ ಅಲ್ಲಿದೆ. ನೆಲದಡಿ ಹುಗಿದುಹೋಗಿದ್ದ ಅದರ ಅಡಿಪಾಯ 1970ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜೋರ್ಡಾನ್ ನದಿಯ ಒಂದು ಮೀನು: ಮೃತ ಸಮುದ್ರದ ಉಪ್ಪುನೀರಿಗೆ ಹೆದರಿ ಅದು ಹಿಂದಕ್ಕೆ ತಿರುಗಿ ಈಜುತ್ತಿದೆ. ಅಳತೆ ತಪ್ಪಿದರೂ ನೀರಿನ ಗುಣ ತಪ್ಪಿಲ್ಲ.

ಮಹಿಮೆಯೇ ಮುಖ್ಯವಾದ ನಕ್ಷೆಗಳು ಮುಂದೆಯೂ ಬಂದವು. 1581ರಲ್ಲಿ ಜರ್ಮನಿಯ ಹೈನ್ರಿಚ್ ಬ್ಯುಂಟಿಂಗ್ ಯುರೋಪು, ಏಷ್ಯಾ, ಆಫ್ರಿಕಾಗಳನ್ನು ಬಿಲ್ವಪತ್ರೆಯ ಮೂರು ದಳಗಳಂತೆ ಬಿಡಿಸಿ ನಡುವೆ ಜೆರುಸಲೇಮನ್ನು ಇಟ್ಟ. ಆ ಹೊತ್ತಿಗೆ ಅಮೆರಿಕವೂ ಗೊತ್ತಿತ್ತು. ಅದನ್ನು ಆತ ಒಂದು ಮೂಲೆಗೆ ತಳ್ಳಿದ.

ಇಡೀ ಪಶ್ಚಿಮ ಪ್ಯಾಲೆಸ್ತೀನನ್ನು ಸರ್ವೆ ಉಪಕರಣಗಳಿಂದ ಅಳೆದದ್ದು 1871ರಿಂದ 1877ರ ನಡುವೆ. ಬ್ರಿಟಿಷ್ ಸೇನೆಯ ಕಾಂಡರ್ ಮತ್ತು ಕಿಚನರ್ ಮುಂದಾಳುತನದ ಆ ಸರ್ವೆಯಿಂದ ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ 26 ಹಾಳೆಗಳ ನಕ್ಷೆ ಸಿದ್ಧವಾಯಿತು, ಉತ್ತರವೂ ಮೇಲಕ್ಕೆ ಬಂತು. ಆದರೆ ಸರ್ವೆಯ ಒಂದು ಮುಖ್ಯ ಉದ್ದೇಶ, ಮಾದಬಾದ ಕುಶಲಕರ್ಮಿಗಳದ್ದೇ ಆಗಿತ್ತು: ಬೈಬಲಿನ ಊರುಗಳು ಎಲ್ಲಿದ್ದವೆಂದು ಗುರುತಿಸುವುದು. ಅದಕ್ಕಾಗಿ ಅವರು ಹಳ್ಳಿಗರನ್ನು ಕೇಳಿ ಸಾವಿರಾರು ಅರಬ್ಬಿ ಸ್ಥಳನಾಮಗಳನ್ನು ಬರೆದುಕೊಂಡರು.