ಶರಾವತಿ ಪಕ್ಕದಲ್ಲಿದ್ದರೂ ಸೌರ ವಿದ್ಯುತ್ ಬೇಕೇ?

ಪ್ರಶ್ನೆ: ಶರಾವತಿಯ ವಿದ್ಯುತ್ ನಮ್ಮ ಜಿಲ್ಲೆಯಲ್ಲೇ ಉತ್ಪಾದನೆಯಾಗುತ್ತಿರುವಾಗ, ಮಳೆಗಾಲದಲ್ಲಿ ಬಿಸಿಲೇ ಕಾಣದ ನಮ್ಮೂರಿನಲ್ಲಿ ಮನೆಯ ಚಾವಣಿಗೆ ಸೌರ ಫಲಕ ಹಾಕಿಸಿದರೆ ವಿದ್ಯುತ್ ಜಾಲಕ್ಕೆ ಪ್ರಯೋಜನವಿದೆಯೇ? ಕರೆಂಟ್ ಹೋದಾಗ ಫಲಕವೂ ಕೆಲಸ ಮಾಡುವುದಿಲ್ಲವಂತೆ, ಏಕೆ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಪ್ರಯೋಜನವಿದೆ, ಅದರಲ್ಲೂ ಲೈನಿನ ಕೊನೆಯಲ್ಲಿರುವ ಊರುಗಳಲ್ಲಿ ಹೆಚ್ಚು. ಶರಾವತಿಯಲ್ಲಿ ಹುಟ್ಟಿದ ವಿದ್ಯುತ್ ನೇರವಾಗಿ ನಿಮ್ಮ ಮನೆಗೆ ಬರುವುದಿಲ್ಲ. ಅದು ರಾಜ್ಯದ ಜಾಲವನ್ನು ಸೇರಿ, ಉಪಕೇಂದ್ರಗಳಲ್ಲಿ ಹಂತಹಂತವಾಗಿ ಇಳಿದು, 11 ಕೆ.ವಿ. ಫೀಡರ್ ಲೈನಿನಲ್ಲಿ ಕಾಡು, ತೋಟಗಳನ್ನು ದಾಟಿ ಊರಿನ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರ್‌ಗೆ) ತಲುಪುತ್ತದೆ. ದಾರಿಯುದ್ದಕ್ಕೂ ಒಂದಷ್ಟು ವಿದ್ಯುತ್ ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. ಈ ನಷ್ಟವು ಹರಿಯುವ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕರೆಂಟ್ ಅರ್ಧಕ್ಕೆ ಇಳಿದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಅಡಿಕೆ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಚಾಲೂ ಆದಾಗ ವೋಲ್ಟೇಜ್ ಕುಸಿದು, ಮೋಟಾರು ಗುಂಯ್‌ಗುಟ್ಟುತ್ತದೆಯೇ ಹೊರತು ತಿರುಗುವುದಿಲ್ಲ. ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಒಂದೇ ಟಿ.ಸಿ. ಇರುವ ಕಡೆ, ನಿಮ್ಮ ಚಾವಣಿಯಲ್ಲಿ ಮಿಕ್ಕಿದ ವಿದ್ಯುತ್ ಆ ಹೊತ್ತಿನಲ್ಲಿ ನೆರೆಯವರ ಮೋಟಾರಿಗೇ ಸಲ್ಲುತ್ತದೆ. ಅಷ್ಟು ವಿದ್ಯುತ್ ದೂರದಿಂದ ಬರಬೇಕಾಗಿಲ್ಲ.

ಎರಡನೆಯ ಲಾಭ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರಿನದು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ದೊಡ್ಡ ಗುಣವೆಂದರೆ, ಬೇಡಿಕೆ ಬಂದ ಕೆಲವೇ ನಿಮಿಷಗಳಲ್ಲಿ ಉತ್ಪಾದನೆಯನ್ನು ಏರಿಸಬಹುದು. ಹಗಲಿನ ಬೇಡಿಕೆಯನ್ನು ಬಿಸಿಲು ಪೂರೈಸಿದಷ್ಟೂ ನೀರು ಸಂಜೆಯ ಬಳಕೆಗೆ ಉಳಿಯುತ್ತದೆ. ಒಂದು ಮನೆಯ 3 ಕಿಲೋವಾಟ್ ಇಲ್ಲಿ ಲೆಕ್ಕಕ್ಕಿಲ್ಲ ನಿಜ, ಆದರೆ ರಾಜ್ಯದ ಸಾವಿರಾರು ಚಾವಣಿಗಳು ಸೇರಿದರೆ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಫಲಕಗಳ ಉತ್ಪಾದನೆ ತೀರಾ ಇಳಿಯುತ್ತದೆ ಎಂಬ ನಿಮ್ಮ ಆಕ್ಷೇಪ ಸರಿಯೇ. ಜಲಾಶಯಕ್ಕೆ ಒಳಹರಿವು ಬರುವುದೂ ಅದೇ ಕಾಲದಲ್ಲಿ ಎಂಬುದನ್ನು ಮಾತ್ರ ಮರೆಯಬಾರದು.

ಎಲ್ಲವೂ ಲಾಭವೇ ಎಂದು ಹೇಳಲಾರೆ. ಕತ್ತಲಾದ ಮೇಲೆ, ಬೇಡಿಕೆ ಏರುವ ಹೊತ್ತಿಗೆ, ಬ್ಯಾಟರಿ ಇಲ್ಲದ ಫಲಕದಿಂದ ಏನೂ ಸಿಗದು. ಒಂದೇ ಸಣ್ಣ ಟಿ.ಸಿ.ಗೆ ಹಲವು ಮನೆಗಳ ಫಲಕಗಳು ಸೇರಿ, ಬಳಕೆ ಕಡಿಮೆಯಿದ್ದರೆ, ವೋಲ್ಟೇಜ್ ಮಿತಿ ಮೀರಿ, ಫಲಕದ ವಿದ್ಯುತ್ತನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ಗಳು ತಾವಾಗಿಯೇ ನಿಲ್ಲುತ್ತವೆ.

ಕರೆಂಟ್ ಹೋದಾಗ ಫಲಕದ ಇನ್ವರ್ಟರ್ ನಿಲ್ಲುವುದು ಲೈನ್‌ಮನ್‌ನ ಜೀವರಕ್ಷಣೆಗಾಗಿ. ಮಳೆಗಾಲದಲ್ಲಿ ಮರ ಬಿದ್ದು ತುಂಡಾದ ತಂತಿಯನ್ನು ಜೋಡಿಸುವವರು ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದಾಗ, ನಿಮ್ಮ ಮನೆಯಿಂದ ವಿದ್ಯುತ್ ಹರಿದರೆ ಗತಿಯೇನು? ಆಗಲೂ ದೀಪ, ಫ್ಯಾನು ಬೇಕೆಂದಾದರೆ, ಮನೆಯನ್ನು ಜಾಲದಿಂದ ಬೇರ್ಪಡಿಸಿ ನಡೆಸಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕಾಗುತ್ತದೆ. ಖರ್ಚು ಹೆಚ್ಚು, ಆದರೆ ಆಷಾಢದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಾದರೆ ಫಲಕ ಹಾಕಿಸುವ ಮೊದಲೇ ಈ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.